ಡಯಾಲಿಸಿಸ್ ಯಂತ್ರ ಬಂತು, ಹೃದಯದ ಗತಿಯೇನು?

‘ಡಯಾಲಿಸಿಸ್ ಸರಿಯಾಗಿಯೇ ನಡೆಯುತ್ತಿತ್ತು, ಆದರೆ ಹೃದಯಾಘಾತವಾಗಿ ತೀರಿಕೊಂಡರು.’ ನಮ್ಮ ಪಟ್ಟಣಗಳ ಸಾವಿನ ಮನೆಗಳಲ್ಲಿ ಈ ಮಾತನ್ನು ಕೇಳದವರು ವಿರಳ. ಈ ವಾಕ್ಯದಲ್ಲಿರುವ ‘ಆದರೆ’ ಎಂಬ ಪದವನ್ನು ನಾವು ಒಮ್ಮೆ ಪರಾಮರ್ಶೆಗೆ ಒಳಪಡಿಸಬೇಕಾಗಿದೆ. ಮೂತ್ರಪಿಂಡದ ರೋಗ ಒಂದು, ಹೃದಯದ ರೋಗ ಇನ್ನೊಂದು, ಮೊದಲನೆಯದನ್ನು ಗೆದ್ದ ವ್ಯಕ್ತಿಯನ್ನು ಎರಡನೆಯದು ಅನಿರೀಕ್ಷಿತವಾಗಿ ಕೊಂಡೊಯ್ದಿತು ಎಂದು ಅದು ಭಾವಿಸುತ್ತದೆ. ಇದೇ ಸಾವನ್ನು ಕಂಡ ಇನ್ನು ಕೆಲವರು ಬೇರೆಯೇ ತೀರ್ಮಾನಕ್ಕೆ ಬರುತ್ತಾರೆ. ‘ಡಯಾಲಿಸಿಸ್ ಹಾಕಿಸಿದರೆ ಮತ್ತೆ ಹೆಚ್ಚು ದಿನ ಇಲ್ಲ’ ಎಂದು ಅವರು ರೋಗಿಯನ್ನು ಯಂತ್ರದಿಂದ ದೂರವಿರಿಸಿ, ಬೇರು-ಕಷಾಯಗಳ ಬಾಗಿಲು ತಟ್ಟುತ್ತಾರೆ. ಮೊದಲನೆಯ ತಿಳುವಳಿಕೆ ಅರ್ಧ ಸತ್ಯವಾದರೆ ಎರಡನೆಯದು ಅಪಾಯಕಾರಿ ಅಸತ್ಯ. ಮೂತ್ರಪಿಂಡ ವಿಫಲವಾದ ದೇಹದಲ್ಲಿ ರಕ್ತನಾಳಗಳ ಗೋಡೆಯೂ ಹೃದಯದ ಕವಾಟಗಳೂ ನಿಧಾನವಾಗಿ ಸುಣ್ಣಗಟ್ಟುತ್ತವೆ. ಹೃದಯಾಘಾತವಾಗಿ ಕಾಣಿಸಿಕೊಳ್ಳುವ ಅನೇಕ ಸಾವುಗಳ ಬೇರು ಅಲ್ಲಿರುತ್ತದೆ. ಇದನ್ನು ತಡೆಯಲು ಬೇಕಾದ ಕೆಲಸ ಯಂತ್ರದ ಉದ್ಘಾಟನೆಯೊಂದಿಗೆ ಮುಗಿಯುವುದಿಲ್ಲ, ಆರಂಭವಾಗುತ್ತದೆ.

ಡಯಾಲಿಸಿಸ್‌ನ ಇತಿಹಾಸದ ಮೊದಲ ಪುಟದಲ್ಲೇ ಈ ಸಂಗತಿ ಬರೆಯಲ್ಪಟ್ಟಿದೆ. 1940ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ವಿಲೆಮ್ ಕೋಲ್ಫ್ ಎಂಬ ವೈದ್ಯರು ಕೃತಕ ಮೂತ್ರಪಿಂಡವನ್ನು ರೂಪಿಸಿದರಾದರೂ, ಪ್ರತಿ ಬಾರಿಯೂ ಹೊಸ ರಕ್ತನಾಳವನ್ನು ಕತ್ತರಿಸಬೇಕಾಗಿದ್ದುದರಿಂದ ಶಾಶ್ವತವಾಗಿ ಮೂತ್ರಪಿಂಡ ಕಳೆದುಕೊಂಡವರಿಗೆ ಅದರಿಂದ ಪ್ರಯೋಜನವಿರಲಿಲ್ಲ. 1960ರ ಮಾರ್ಚ್‌ನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ರೋಗಿಯ ತೋಳಿನಲ್ಲಿ ಟೆಫ್ಲಾನ್ ಕೊಳವೆಯನ್ನು ಕಾಯಮ್ಮಾಗಿ ಕೂರಿಸುವ ವಿಧಾನ ಕಂಡುಹಿಡಿದರು. ಹಾಗೆ ಕೊಳವೆ ಹಾಕಿಸಿಕೊಂಡ ಮೊದಲ ವ್ಯಕ್ತಿ ಕ್ಲೈಡ್ ಶೀಲ್ಡ್ಸ್, ಬೋಯಿಂಗ್ ವಿಮಾನ ಕಾರ್ಖಾನೆಯ ಓರ್ವ ಯಂತ್ರಕರ್ಮಿ. ವಾರಗಳಲ್ಲಿ ಸಾಯಬೇಕಿದ್ದ ಆ ವ್ಯಕ್ತಿ 11 ವರ್ಷ ಬದುಕಿದರು. 1971ರಲ್ಲಿ ಅವರು ತೀರಿಕೊಂಡದ್ದು ಹೃದಯಾಘಾತದಿಂದ. ಅದೇ ಸಿಯಾಟಲ್‌ನ ವೈದ್ಯರು 1974ರಲ್ಲಿ ತಮ್ಮ 39 ದೀರ್ಘಕಾಲದ ರೋಗಿಗಳ ಲೆಕ್ಕ ತೆಗೆದಾಗ ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಹೋಗಿದ್ದರು, ಬಹುತೇಕರು ರಕ್ತನಾಳದ ರೋಗಗಳಿಂದ. ಡಯಾಲಿಸಿಸ್‌ನಲ್ಲಿ ದೀರ್ಘಕಾಲ ಬದುಕುವವರ ರಕ್ತನಾಳಗಳು ಅಕಾಲದಲ್ಲಿ ಮುಪ್ಪಾಗುತ್ತವೆ ಎಂದು ಅವರು ಅಂದೇ ಎಚ್ಚರಿಸಿದ್ದರು.

ಎಷ್ಟರ ಮಟ್ಟಿಗಿನ ಮುಪ್ಪು? ಡಯಾಲಿಸಿಸ್‌ನಲ್ಲಿರುವ 25ರಿಂದ 34 ವರ್ಷದೊಳಗಿನ ಓರ್ವ ಯುವಕ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಸಾಧ್ಯತೆ, 80 ದಾಟಿದ ಸಾಮಾನ್ಯ ವೃದ್ಧನಿಗಿರುವಷ್ಟೇ ಎಂದು 1998ರಲ್ಲಿ ಪ್ರಕಟವಾದ ಅಮೆರಿಕದ ಅಂಕಿಅಂಶಗಳು ತೋರಿಸಿದವು. ಎರಡು ವರ್ಷಗಳ ಬಳಿಕ, 2000ದಲ್ಲಿ, ಲಾಸ್ ಏಂಜಲೀಸ್‌ನ ವೈದ್ಯ ವಿಲಿಯಂ ಗುಡ್‌ಮನ್ ಮತ್ತು ಸಂಗಡಿಗರು 7ರಿಂದ 30 ವಯಸ್ಸಿನ 39 ಡಯಾಲಿಸಿಸ್ ರೋಗಿಗಳ ಹೃದಯವನ್ನು ಸ್ಕ್ಯಾನ್ ಮಾಡಿ ನೋಡಿದರು. 20 ತುಂಬದ 23 ಮಂದಿಯಲ್ಲಿ ಓರ್ವರಿಗೂ ಹೃದಯದ ರಕ್ತನಾಳದಲ್ಲಿ ಸುಣ್ಣ ಇರಲಿಲ್ಲ. 20 ದಾಟಿದ 16 ಮಂದಿಯಲ್ಲಿ 14 ಮಂದಿಗಿತ್ತು. ಅದೇ ಪ್ರಾಯದ 60 ಆರೋಗ್ಯವಂತರನ್ನು ಪರೀಕ್ಷಿಸಿದರೆ ಮೂವರಲ್ಲಿ ಮಾತ್ರ ಕಂಡಿತು. ಇಪ್ಪತ್ತು ತಿಂಗಳ ಅಂತರದಲ್ಲಿ ಮರುಪರೀಕ್ಷೆ ನಡೆಸಿದಾಗ ಸುಣ್ಣದ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುವತ್ತ ಸಾಗಿತ್ತು. ಇದು ಬೀಡಿ-ಸಿಗರೇಟಿನ, ಕೊಬ್ಬಿನ, ವಯಸ್ಸಿನ ಕತೆಯಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಇಷ್ಟಕ್ಕೂ ಈ ಸುಣ್ಣ ಎಲ್ಲಿಂದ ಬರುತ್ತದೆ? ಬೋರ್‌ವೆಲ್ ನೀರಿನಿಂದ ಎಂದು ಹೇಳುವವರಿದ್ದಾರೆ. ಅದಲ್ಲ. ಮೂತ್ರಕೋಶದ ಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಮೂಲದಲ್ಲಿರುವುದು ರಂಜಕ, ಅಂದರೆ ಪ್ರಯೋಗಾಲಯದ ಚೀಟಿಯಲ್ಲಿ ‘ಫಾಸ್ಫರಸ್’ ಎಂದು ಅಚ್ಚಾಗಿರುವ ವಸ್ತು. ನಾವು ತಿನ್ನುವ ಎಲ್ಲ ಆಹಾರದಲ್ಲೂ ಅದು ಇರುತ್ತದೆ. ಹೆಚ್ಚುವರಿಯಾದದ್ದನ್ನು ಆರೋಗ್ಯವಂತ ಮೂತ್ರಪಿಂಡ ಮೂತ್ರದೊಂದಿಗೆ ಹೊರಗಟ್ಟುತ್ತದೆ. ಮೂತ್ರಪಿಂಡ ಕೆಟ್ಟಾಗ ಅದು ರಕ್ತದಲ್ಲೇ ಉಳಿಯುತ್ತದೆ. ವಿಟಮಿನ್ ‘ಡಿ’ಯನ್ನು ದೇಹಕ್ಕೆ ಉಪಯೋಗವಾಗುವ ರೂಪಕ್ಕೆ ತರುವುದೂ ಮೂತ್ರಪಿಂಡವೇ ಆದ್ದರಿಂದ ಆ ಕೆಲಸವೂ ನಿಲ್ಲುತ್ತದೆ, ಕರುಳು ಕ್ಯಾಲ್ಸಿಯಮನ್ನು ಸರಿಯಾಗಿ ಹೀರಿಕೊಳ್ಳದು. ಆಗ ಕುತ್ತಿಗೆಯಲ್ಲಿ ಥೈರಾಯ್ಡ್‌ನ ಹಿಂಬದಿಯಲ್ಲಿರುವ, ಅವರೆಕಾಳಿಗಿಂತಲೂ ಚಿಕ್ಕದಾದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಗಾಬರಿಗೊಂಡಂತೆ ಹಾರ್ಮೋನು ಸುರಿಸತೊಡಗುತ್ತವೆ. ಆ ಹಾರ್ಮೋನು ಮೂಳೆಯನ್ನು ಕರಗಿಸಿ ಕ್ಯಾಲ್ಸಿಯಮ್ ಮತ್ತು ರಂಜಕ ಎರಡನ್ನೂ ರಕ್ತಕ್ಕೆ ಬಿಡುತ್ತದೆ. ಮೂಳೆ ಸವೆಯುತ್ತದೆ, ರಕ್ತನಾಳ ಮೂಳೆಯಂತಾಗುತ್ತದೆ.

‘ಮೂಳೆಯಂತೆ’ ಎಂಬುದು ಅಲಂಕಾರದ ಮಾತಲ್ಲ. ಜರ್ಮನಿಯ ರುಡಾಲ್ಫ್ ವಿರ್ಕೋ 19ನೇ ಶತಮಾನದಲ್ಲೇ ರಕ್ತನಾಳದಲ್ಲಿ ಕಂಡದ್ದು ಬರೇ ಸುಣ್ಣದ ಶೇಖರಣೆಯಲ್ಲ, ಮೂಳೆಗಟ್ಟುವಿಕೆ ಎಂದು ಗುರುತಿಸಿದ್ದರು. ಆದರೂ ಬಹುಕಾಲದವರೆಗೆ ವೈದ್ಯರು ಇದನ್ನು ನೀರಿನ ಪೈಪಿನೊಳಗೆ ಪಾಚಿ-ಸುಣ್ಣ ಅಂಟಿಕೊಂಡಂತೆ ಎಂದೇ ಭಾವಿಸಿದರು. 2000ದಲ್ಲಿ ಸಿಯಾಟಲ್‌ನ ವಿಜ್ಞಾನಿ ಸಿಸಿಲಿಯಾ ಜಿಯಾಚೆಲ್ಲಿಯವರ ತಂಡ ರಕ್ತನಾಳದ ಸ್ನಾಯುಕೋಶಗಳನ್ನು ಹೆಚ್ಚು ರಂಜಕವಿರುವ ದ್ರಾವಣದಲ್ಲಿ ಬೆಳೆಸಿ ನೋಡಿದಾಗ, ಆ ಕೋಶಗಳು ತಮ್ಮ ಸ್ವಭಾವವನ್ನೇ ಬದಲಿಸಿಕೊಂಡು ಮೂಳೆ ಕಟ್ಟುವ ಕೋಶಗಳ ಗುಣವನ್ನು ತಳೆದವು. ಅಂದರೆ ಇದು ಜೀವಂತ ಪ್ರಕ್ರಿಯೆ. ಉಜ್ಜಿ ತೆಗೆಯುವ, ಕರಗಿಸುವ ಮದ್ದು ಇಂದಿಗೂ ಇಲ್ಲ. ‘ರಕ್ತನಾಳ ಶುದ್ಧಿ’ ಎಂಬ ಜಾಹೀರಾತುಗಳನ್ನು ನಂಬಿ ಹಣ ಕಳೆದುಕೊಳ್ಳುವವರು ಇದನ್ನು ಅರಿಯಬೇಕು.

ಹೀಗೆ ಗಟ್ಟಿಯಾದ ಮಹಾ ಅಪಧಮನಿ ಹೃದಯ ಬಡಿದಾಗ ಹಿಗ್ಗುವುದಿಲ್ಲ. ಆದ್ದರಿಂದ ರಕ್ತದೊತ್ತಡದ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೃದಯದ ಗೋಡೆ ದಪ್ಪವಾಗುತ್ತದೆ. ಕವಾಟದ ಎಸಳುಗಳು ಬಿರುಸಾಗಿ ತೆರೆಯಲಾರದೆ ಹೋಗುತ್ತವೆ. ಇದಾವುದೂ ನೋಯುವುದಿಲ್ಲ ಎಂಬುದೇ ಸಮಸ್ಯೆ.

ಈಗ ಒಂದು ಸರಳ ಲೆಕ್ಕ ನೋಡೋಣ. ಓರ್ವ ವಯಸ್ಕನ ಸಾಧಾರಣ ಊಟದಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ರಂಜಕವಿರುತ್ತದೆ. ಅದರಲ್ಲಿ 600ರಷ್ಟು ರಕ್ತ ಸೇರುತ್ತದೆ ಎಂದಿಟ್ಟುಕೊಂಡರೆ ವಾರಕ್ಕೆ 4200. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯಬಲ್ಲದ್ದು ಸುಮಾರು 800. ವಾರಕ್ಕೆ ಮೂರು ಬಾರಿಯಾದರೆ 2400, ಎರಡೇ ಬಾರಿಯಾದರೆ 1600. ಯೂರಿಯಾದಂತೆ ರಂಜಕ ಸುಲಭವಾಗಿ ಹೊರಬರುವುದಿಲ್ಲ. ಅದರ ಬಹುಪಾಲು ಕೋಶಗಳೊಳಗೂ ಮೂಳೆಯಲ್ಲೂ ಅಡಗಿರುತ್ತದೆ, ರಕ್ತಕ್ಕೆ ನಿಧಾನವಾಗಿ ಇಳಿದು ಬರುತ್ತದೆ. ಆದ್ದರಿಂದ ಇಲ್ಲಿ ಯಂತ್ರದ ವೇಗಕ್ಕಿಂತ ಸಮಯ ಮುಖ್ಯ. ‘ಇವತ್ತು ಮಗಳ ಮನೆಗೆ ಹೋಗಲಿಕ್ಕಿದೆ, ಮೂರು ಗಂಟೆಗೇ ಬಿಡಿಸಿ’ ಎಂದು ದುಂಬಾಲು ಬೀಳುವ ರೋಗಿಯೂ, ಮುಂದಿನ ಪಾಳಿಯ ಒತ್ತಡದಲ್ಲಿ ಅದಕ್ಕೆ ಒಪ್ಪುವ ಸಿಬ್ಬಂದಿಯೂ ತಾವು ಏನನ್ನು ಕೈಬಿಡುತ್ತಿದ್ದೇವೆಂದು ತಿಳಿದಿರುವುದಿಲ್ಲ. ಒಂದಿಷ್ಟು ಮೂತ್ರ ಇನ್ನೂ ಬರುತ್ತಿರುವ ಆರಂಭದ ರೋಗಿಗಳಿಗೆ ಎರಡು ಬಾರಿ ಕೆಲಕಾಲ ಸಾಕಾಗಬಹುದು. ಅದನ್ನು ವೈದ್ಯರು ನಿರ್ಧರಿಸಬೇಕೇ ಹೊರತು ಜೇಬು ನಿರ್ಧರಿಸಬಾರದು. ದುರಂತವೇನೆಂದರೆ, ನಮ್ಮ ದೇಶದಲ್ಲಿ ವಾರಕ್ಕೆ ಎರಡು ಬಾರಿಯ ಡಯಾಲಿಸಿಸ್ ವ್ಯಾಪಕವಾಗಿ ರೂಢಿಯಾಗಿರುವುದಕ್ಕೆ ಮುಖ್ಯ ಕಾರಣ ವೈದ್ಯಶಾಸ್ತ್ರವಲ್ಲ, ಹಣ ಮತ್ತು ದೂರ.

ಸರಕಾರಕ್ಕೆ ಇದು ಗೊತ್ತಿಲ್ಲವೇ? ಗೊತ್ತಿದೆ. 2016ರ ಫೆಬ್ರವರಿ 29ರಂದು ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ಬಜೆಟ್ ಭಾಷಣದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಸೇವಾ ಕಾರ್ಯಕ್ರಮವನ್ನು ಘೋಷಿಸಿದರು. ದೇಶದಲ್ಲಿ ಪ್ರತಿವರ್ಷ 2.2 ಲಕ್ಷ ಹೊಸ ರೋಗಿಗಳು ಮೂತ್ರಪಿಂಡ ವೈಫಲ್ಯದ ಕೊನೆಯ ಹಂತಕ್ಕೆ ಬರುತ್ತಾರೆ, ಅವರಿಗಾಗಿ 3.4 ಕೋಟಿ ಹೆಚ್ಚುವರಿ ಡಯಾಲಿಸಿಸ್ ಬೇಕಾಗುತ್ತದೆ ಎಂದು ಅವರು ಹೇಳಿದ್ದರು. ಈ 3.4 ಕೋಟಿಯನ್ನು 2.2 ಲಕ್ಷದಿಂದ ಭಾಗಿಸಿ ನೋಡಿ. ಓರ್ವ ರೋಗಿಗೆ ವರ್ಷಕ್ಕೆ ಸುಮಾರು 154 ಬಾರಿ, ಅಂದರೆ ವಾರಕ್ಕೆ ಮೂರು! ಮೂರು ಬಾರಿ ಬೇಕು ಎಂಬುದು ಸಂಸತ್ತಿನಲ್ಲಿ ಸರಕಾರವೇ ಒಪ್ಪಿಕೊಂಡ ಲೆಕ್ಕ. ಆ ಕಾರ್ಯಕ್ರಮದ ಬಳಿಕ ಜಿಲ್ಲಾಸ್ಪತ್ರೆಗಳಲ್ಲಿ, ಅನೇಕ ಕಡೆ ತಾಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳು ಬಂದುದನ್ನು ನಾವು ಮೆಚ್ಚಲೇಬೇಕು. (ಜೇಟ್ಲಿಯವರೇ ಎರಡು ವರ್ಷಗಳ ಬಳಿಕ ಮೂತ್ರಪಿಂಡ ಕಸಿಗೆ ಒಳಗಾಗಬೇಕಾಯಿತು. ಈ ರೋಗ ಪಕ್ಷವನ್ನಾಗಲಿ ಧರ್ಮವನ್ನಾಗಲಿ ನೋಡಿ ಬರುವುದಿಲ್ಲ.) ಆದರೆ ನಮ್ಮ ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆ ಎಷ್ಟು ಯಂತ್ರ ಬಂತು ಎಂಬಲ್ಲಿಗೆ ನಿಲ್ಲುತ್ತದೆ. ಎಷ್ಟು ರೋಗಿಗಳಿಗೆ ವಾರಕ್ಕೆ ಮೂರು ಬಾರಿ ಸಿಗುತ್ತಿದೆ, ಎಷ್ಟು ಮಂದಿಯ ರಂಜಕ ಹತೋಟಿಯಲ್ಲಿದೆ, ಒಂದು ವರ್ಷದ ಬಳಿಕ ಎಷ್ಟು ಮಂದಿ ಜೀವಂತವಿದ್ದಾರೆ ಎಂಬ ಪ್ರಶ್ನೆಗಳೂ ಅಲ್ಲಿ ಏಳಬೇಕಾಗಿವೆ.

ಸರಕಾರವನ್ನು ಟೀಕಿಸುವ ನೈತಿಕತೆ ಉಳಿಯಬೇಕಾದರೆ ಸಮುದಾಯವೂ ತನ್ನ ಲೆಕ್ಕಪುಸ್ತಕವನ್ನು ತೆರೆದು ನೋಡಬೇಕಾಗುತ್ತದೆ. ನಮ್ಮಲ್ಲಿ ದಾನಿಗಳಿಗೆ ಬರವಿಲ್ಲ. ಝಕಾತ್‌ನ ಹಣ, ಬೈತುಲ್ ಮಾಲ್‌ನ ಹಣ, ಗಲ್ಫ್‌ನಲ್ಲಿರುವ ಸಹೋದರರ ಹಣ ಡಯಾಲಿಸಿಸ್‌ಗೆಂದು ಹರಿದುಬರುತ್ತದೆ. ಆದರೆ ದಾನಿಗೆ ಯಂತ್ರ ಕೊಡುವುದರಲ್ಲಿರುವ ಉತ್ಸಾಹ ಮಾತ್ರೆ ಕೊಡುವುದರಲ್ಲಿಲ್ಲ. ಯಂತ್ರದ ಮೇಲೆ ಹೆಸರು ಕೆತ್ತಿಸಬಹುದು, ಫೋಟೊ ತೆಗೆಸಬಹುದು. ರಂಜಕ ತಡೆಯುವ ಮಾತ್ರೆಯ ಪಟ್ಟಿಯ ಮೇಲೆ ಹೆಸರು ಬರೆಸಲಾಗದು. ಹೀಗಾಗಿ ಡಯಾಲಿಸಿಸ್ ಉಚಿತವಾಗಿ ಸಿಗುವ ಬಡ ರೋಗಿ ಮಾತ್ರೆಗೆ, ತಿಂಗಳ ರಕ್ತಪರೀಕ್ಷೆಗೆ, ಆಸ್ಪತ್ರೆಗೆ ಹೋಗಿಬರುವ ರಿಕ್ಷಾ ಬಾಡಿಗೆಗೆ ಹಣವಿಲ್ಲದೆ ಮೂರನೇ ಸರದಿಯನ್ನು ಕೈಬಿಡುತ್ತಾನೆ, ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಾನೆ. ಊರಿನ ಜಮಾಅತ್ ಸಮಿತಿಗಳು ಹೊಸ ಯಂತ್ರದ ಬದಲು ಈಗಾಗಲೇ ಇರುವ ಯಂತ್ರದ ಮೂರನೇ ಸರದಿಗೆ, ಔಷಧಿಗೆ, ವಾಹನಕ್ಕೆ ವರ್ಷದ ಹೊಣೆ ಹೊತ್ತರೆ ಅದು ಹೆಚ್ಚು ಜೀವ ಉಳಿಸುತ್ತದೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಮಾತ್ರೆಯ ವಿಷಯ ಬಂತು. ಮೂರು ಬಾರಿ ಡಯಾಲಿಸಿಸ್ ಆದರೂ ಮೇಲಿನ ಲೆಕ್ಕದಲ್ಲಿ 1800 ಮಿಲಿಗ್ರಾಂ ಉಳಿಯುತ್ತದೆಯಲ್ಲ, ಅದನ್ನು ಕರುಳಿನಲ್ಲೇ ಹಿಡಿದಿಡುವುದಕ್ಕಾಗಿ ಇರುವ ಮಾತ್ರೆಗಳಿವು. ಅವು ರಂಜಕಕ್ಕೆ ಅಂಟಿಕೊಂಡು ಮಲದೊಂದಿಗೆ ಹೊರಹೋಗುತ್ತವೆ. ಆದ್ದರಿಂದ ಊಟದೊಂದಿಗೇ ಸೇವಿಸಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವ್ಯರ್ಥ. ಬೆಳಗ್ಗಿನ ಎಲ್ಲ ಮಾತ್ರೆಗಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವ ನಮ್ಮ ಹಿರಿಯರಿಗೆ ಇದನ್ನು ಯಾರಾದರೂ ಕುಳಿತು ವಿವರಿಸಬೇಕು. ಅಗ್ಗದ ಮಾತ್ರೆಗಳಲ್ಲಿ ಕ್ಯಾಲ್ಸಿಯಮ್ ಇರುತ್ತದೆ, ಸೆವೆಲಮರ್, ಲ್ಯಾಂಥನಮ್‌ನಂತಹ ದುಬಾರಿ ಮಾತ್ರೆಗಳಲ್ಲಿ ಇರುವುದಿಲ್ಲ. ಸುಣ್ಣ ಬೆಳೆಯುವ ವೇಗ ಸೆವೆಲಮರ್‌ನಿಂದ ಕಡಿಮೆಯಾಗುತ್ತದೆ ಎಂದು 2002ರ ಒಂದು ಅಧ್ಯಯನ ತೋರಿಸಿತು. ಆದರೆ ದುಬಾರಿ ಮಾತ್ರೆ ಆಯುಸ್ಸನ್ನು ಹೆಚ್ಚಿಸುತ್ತದೆ ಎಂಬುದು ಸ್ಪಷ್ಟವಾಗಿ ಸಾಬೀತಾಗಿಲ್ಲ. 2021ರಲ್ಲಿ ಪ್ರಕಟವಾದ ಜಪಾನಿನ ದೊಡ್ಡ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹೋಲಿಸಿದಾಗ ಲ್ಯಾಂಥನಮ್ ಸೇವಿಸಿದವರಿಗೂ ಕ್ಯಾಲ್ಸಿಯಮ್ ಕಾರ್ಬೊನೇಟ್ ಸೇವಿಸಿದವರಿಗೂ ಹೃದಯದ ತೊಂದರೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ದುಬಾರಿ ಮಾತ್ರೆಗಾಗಿ ಮನೆಯ ಬಂಗಾರ ಅಡವಿಡುವ ಮುನ್ನ ವೈದ್ಯರೊಂದಿಗೆ ಮುಕ್ತವಾಗಿ ಮಾತಾಡಿ. ಹಾಗಂತ ಕ್ಯಾಲ್ಸಿಯಮ್ ಎಷ್ಟಾದರೂ ನುಂಗಬಹುದು ಎಂದಲ್ಲ. ಗುಡ್‌ಮನ್‌ರ ಅಧ್ಯಯನದಲ್ಲಿ ಸುಣ್ಣಗಟ್ಟಿದ ಯುವಕರು ದಿನಕ್ಕೆ ಸೇವಿಸುತ್ತಿದ್ದ ಕ್ಯಾಲ್ಸಿಯಮ್ ಉಳಿದವರಿಗಿಂತ ಸುಮಾರು ಇಮ್ಮಡಿಯಿತ್ತು. ಕ್ಯಾಲ್ಸಿಯಮ್ ಮಾತ್ರೆಗಳಿಗೆ ಮಿತಿಯಿರಲಿ ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿ 2017ರಲ್ಲಿ ಹೇಳಿದೆ. ಡಯಾಲಿಸಿಸ್ ರೋಗಿ ‘ಮೂಳೆ ನೋವು’ ಎಂದಾಕ್ಷಣ ಮೆಡಿಕಲ್ ಅಂಗಡಿಯಿಂದ ಕ್ಯಾಲ್ಸಿಯಮ್ ಡಬ್ಬ ತಂದುಕೊಡುವ ಮಗನ ಪ್ರೀತಿ, ತಂದೆಯ ಮೂಳೆಯ ಬದಲು ಅವರ ರಕ್ತನಾಳವನ್ನು ಸೇರುತ್ತದೆ.

ಇನ್ನು ಅಡುಗೆ ಮನೆ. ಇಲ್ಲಿ ಹೆಚ್ಚಿನ ಅಧಿಕಾರ ಮನೆಯ ಮಹಿಳೆಯರ ಕೈಯಲ್ಲಿದೆ, ಆದರೆ ವೈದ್ಯರು ಮಾತಾಡುವುದು ಹೆಚ್ಚಾಗಿ ಜೊತೆಗೆ ಬಂದ ಗಂಡಸರೊಂದಿಗೆ. ಪಥ್ಯವೆಂದರೆ ಮಾಂಸ ಬಿಟ್ಟು ಗಂಜಿ ಕುಡಿಯುವುದು ಎಂದು ಭಾವಿಸಬಾರದು. ಡಯಾಲಿಸಿಸ್ ರೋಗಿಗೆ ಪ್ರೋಟೀನ್ ಅಗತ್ಯ, ಉಪವಾಸ ಕೆಡವಿದರೆ ಅದರಿಂದಲೇ ಕುಸಿಯುತ್ತಾನೆ. ಮೊಟ್ಟೆಯ ಬಿಳಿಯಲ್ಲಿ ಪ್ರೋಟೀನ್ ಹೇರಳ, ರಂಜಕ ಅತ್ಯಲ್ಪ. ಹಳದಿಯಲ್ಲಿ ರಂಜಕ ಹೆಚ್ಚು. ಮಾಂಸವನ್ನು ಸಣ್ಣದಾಗಿ ಕತ್ತರಿಸಿ ಕುದಿಸಿ ಆ ನೀರನ್ನು ಚೆಲ್ಲಿದರೆ ರಂಜಕದ ಒಂದು ಪಾಲು ಹೋಗುತ್ತದೆ. ಕಲೇಜಿ, ಭೇಜಾ, ಮುಳ್ಳು ಸಮೇತ ಜಗಿಯುವ ಸಣ್ಣ ಮೀನು, ಖೋವಾದ ಸಿಹಿ, ಗೋಡಂಬಿ-ಬಾದಾಮಿ ಇವುಗಳಲ್ಲಿ ರಂಜಕ ಅಧಿಕ. ಈದ್‌ನ ಶೀರ್ ಖುರ್ಮಾವಂತೂ ಹಾಲು ಮತ್ತು ಒಣಹಣ್ಣುಗಳ ಸಂಗಮ. ಖರ್ಜೂರ, ಎಳನೀರು, ಹಣ್ಣಿನ ರಸಗಳ ಅಪಾಯ ಬೇರೆ. ಅವುಗಳಲ್ಲಿರುವ ಪೊಟ್ಯಾಸಿಯಮ್ ವರ್ಷಗಳ ಕಾಲ ಕಾಯುವುದಿಲ್ಲ, ಒಂದೇ ರಾತ್ರಿಯಲ್ಲಿ ಹೃದಯವನ್ನು ನಿಲ್ಲಿಸಬಲ್ಲುದು. ರೋಗಿಯನ್ನು ನೋಡಲು ಹೋಗುವಾಗ ಎಳನೀರಿನ ಗೊನೆ ಕೊಂಡೊಯ್ಯುವ ನಮ್ಮ ಸಂಪ್ರದಾಯ ಇಲ್ಲಿ ನಿಲ್ಲಬೇಕು.

ಆದರೆ ಮನೆಯ ಅಡುಗೆಗಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಅಂಗಡಿಯ ಪೊಟ್ಟಣದ ಬಗ್ಗೆ. ಬೇಳೆ-ಕಾಳಿನಲ್ಲಿರುವ ರಂಜಕದಲ್ಲಿ ಅರ್ಧಕ್ಕಿಂತಲೂ ಕಡಿಮೆ ನಮ್ಮ ಕರುಳು ಸೇರುತ್ತದೆ. ಕಾರ್ಖಾನೆಯಲ್ಲಿ ಬೆರೆಸಿದ ರಂಜಕವಾದರೋ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತ ಸೇರುತ್ತದೆ. ಕಪ್ಪು ಕೋಲಾ ಪಾನೀಯ, ಬೇಕರಿಯ ಕೇಕು, ಚೀಸ್, ಸಾಸೇಜ್, ಹುರಿಯಲು ಸಿದ್ಧವಾದ ಶೀತಲೀಕೃತ ಕೋಳಿ ತುಂಡುಗಳು ಈ ಪಟ್ಟಿಯಲ್ಲಿವೆ. ಪೊಟ್ಟಣದ ಹಿಂಬದಿಯಲ್ಲಿ ಅತಿಸಣ್ಣ ಅಕ್ಷರದಲ್ಲಿ 338ರಿಂದ 341ರವರೆಗಿನ ಅಥವಾ 450, 451, 452 ಎಂಬ ಸಂಖ್ಯೆ ಇದ್ದರೆ ಅದರಲ್ಲಿ ರಂಜಕ ಬೆರೆತಿದೆ ಎಂದರ್ಥ. ಹಲಾಲ್ ಗುರುತನ್ನು ಹುಡುಕುವ ಕಣ್ಣು ಒಂದಿಂಚು ಕೆಳಗಿಳಿದು ಈ ಸಂಖ್ಯೆಯನ್ನೂ ಓದಲಿ. ಅಮೆರಿಕದ ಓಹಾಯೊದಲ್ಲಿ ಡಯಾಲಿಸಿಸ್ ರೋಗಿಗಳಿಗೆ ಇಷ್ಟನ್ನೇ ಕಲಿಸಿಕೊಟ್ಟಾಗ, ಕಲಿಯದವರಿಗಿಂತ ಅವರ ರಂಜಕ 0.6 ಮಿಲಿಗ್ರಾಂನಷ್ಟು ಹೆಚ್ಚು ಇಳಿಯಿತು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತ್ತು. ಅಲ್ಲಿ ಕೊಟ್ಟದ್ದು ಮಾತ್ರೆಯಲ್ಲ, ಬರೇ ತಿಳುವಳಿಕೆ! ನಮ್ಮ ಮದುವೆ ಮನೆಗಳಲ್ಲಿ ಬಿರಿಯಾನಿಯ ಪಕ್ಕದಲ್ಲಿ ಕೋಲಾದ ಬಾಟಲಿ ಇಡದಿದ್ದರೆ ಆತಿಥ್ಯ ಅಪೂರ್ಣವೆಂಬ ಭಾವನೆ ಬೆಳೆದಿರುವುದರ ಬಗ್ಗೆ ಬೇರೆಯೇ ಬರೆಯಬೇಕು.

ಪರೀಕ್ಷೆಗಳ ವಿಷಯದಲ್ಲಿ ಹೆದರಬೇಕಾಗಿಲ್ಲ. ರಕ್ತದಲ್ಲಿ ರಂಜಕ ಮತ್ತು ಕ್ಯಾಲ್ಸಿಯಮ್ ಪ್ರಮಾಣವನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ, ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಮೂರರಿಂದ ಆರು ತಿಂಗಳಿಗೊಮ್ಮೆ ನೋಡಬೇಕು. ಆರೋಗ್ಯವಂತರಲ್ಲಿ ರಂಜಕ 2.5ರಿಂದ 4.5ರ ನಡುವೆ ಇರುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಅದು 6.5ನ್ನು ಮೀರಿದರೆ ಸಾವಿನ ಅಪಾಯ ಶೇ. 27ರಷ್ಟು ಹೆಚ್ಚಿರುತ್ತದೆಂದು 1998ರಲ್ಲಿ ಅಮೆರಿಕದ ಸಾವಿರಾರು ರೋಗಿಗಳ ದಾಖಲೆಯಿಂದ ತಿಳಿದುಬಂತು. ಸುಣ್ಣಗಟ್ಟಿದೆಯೇ ಎಂದು ನೋಡಲು ದುಬಾರಿ ಸ್ಕ್ಯಾನ್ ಕಡ್ಡಾಯವಲ್ಲ. ಹೊಟ್ಟೆಯ ಬದಿಯಿಂದ ತೆಗೆದ ಸಾಮಾನ್ಯ ಎಕ್ಸ್‌ರೇಯಲ್ಲಿ ಮಹಾ ಅಪಧಮನಿಯ ಸುಣ್ಣ ಬಿಳಿ ಗೆರೆಯಾಗಿ ಕಾಣುತ್ತದೆ, ಕವಾಟದ ಸುಣ್ಣ ಎಕೋದಲ್ಲಿ ಕಾಣುತ್ತದೆ. ಇವೆರಡೂ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಲಭ್ಯ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಒಂದನ್ನು ಗಮನಿಸಬೇಕು. ಸುಣ್ಣವನ್ನು ತಡೆಯಲು ದೇಹ ತಯಾರಿಸುವ ಒಂದು ಪ್ರೋಟೀನ್‌ಗೆ ವಿಟಮಿನ್ ‘ಕೆ’ ಬೇಕು, ಆ ಮಾತ್ರೆ ಅದಕ್ಕೆ ಅಡ್ಡಬರುತ್ತದೆ. ಹಾಗೆಂದು ಸ್ವತಃ ನಿಲ್ಲಿಸಕೂಡದು, ವೈದ್ಯರಲ್ಲಿ ಕೇಳಬೇಕು.

ಕೊನೆಯದಾಗಿ ಕಸಿಯ ಮಾತು. ಮೂತ್ರಪಿಂಡ ಕಸಿಯಾದರೆ ರಂಜಕವನ್ನು ಹೊರಗಟ್ಟುವ ಕೆಲಸ ಮತ್ತೆ ಆರಂಭವಾಗುತ್ತದೆ. ಕಟ್ಟಿದ ಸುಣ್ಣ ಕರಗದಿದ್ದರೂ ಅದು ಬೆಳೆಯುವ ವೇಗ ತಗ್ಗುತ್ತದೆ. 1994ರ ಅಂಗಾಂಗ ಕಸಿ ಕಾಯ್ದೆ ಹತ್ತಿರದ ಬಂಧುಗಳಿಗೆ ದಾನದ ದಾರಿ ತೆರೆದಿದೆ. ದಾನಿಯ ಜೀವಕ್ಕೆ ಅಪಾಯವಾಗದಿದ್ದರೆ, ಮಾರಾಟವಲ್ಲದಿದ್ದರೆ ಅಂಗದಾನ ಸಮ್ಮತ ಎಂದೂ, ಸಮ್ಮತಿಯಿದ್ದರೆ ಮೃತರ ಅಂಗವನ್ನೂ ಬಳಸಬಹುದೆಂದೂ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1988ರಲ್ಲೇ ನಿರ್ಣಯ ಕೈಗೊಂಡಿದೆ. ಆದರೂ ನಮ್ಮ ಕುಟುಂಬಗಳಲ್ಲಿ ‘ಕೇಳಿ ನೋಡೋಣ’, ‘ರಮಝಾನ್ ಕಳೆಯಲಿ’, ‘ತಂಗಿಯ ಮದುವೆ ಮುಗಿಯಲಿ’ ಎಂದು ವರ್ಷಗಳು ಉರುಳುತ್ತವೆ. ಹೊಸ ಮೂತ್ರಪಿಂಡದ ರಕ್ತನಾಳವನ್ನು ಶಸ್ತ್ರವೈದ್ಯರು ಕಿಬ್ಬೊಟ್ಟೆಯ ಅಪಧಮನಿಗೆ ಹೊಲಿಯುತ್ತಾರೆ. ಅದಕ್ಕೆ ಆ ನಾಳ ಮೆದುವಾಗಿರಬೇಕು. ಡಯಾಲಿಸಿಸ್‌ನಲ್ಲಿ ವರ್ಷಗಳನ್ನು ಕಳೆದ ಕೆಲವರಲ್ಲಿ ಅದು ಎಷ್ಟು ಗಟ್ಟಿಯಾಗಿರುತ್ತದೆಂದರೆ, ಸಹೋದರ ಮೂತ್ರಪಿಂಡ ಕೊಡಲು ಸಿದ್ಧನಾಗಿ ಬಂದು ನಿಂತಾಗ ಹೊಲಿಗೆ ಹಾಕಲು ಸ್ಥಳವೇ ಸಿಗುವುದಿಲ್ಲ.